ಚಾರಣದ ಹುಚ್ಚಿರುವವರಿಗೆ ಹವಾಮಾನ ಸಂಶೋಧನೆ ಸರಿಹೋಗುತ್ತದಾ?

ಪ್ರಶ್ನೆ: ಎಂ.ಎಸ್ಸಿ. ಕೆಮಿಸ್ಟ್ರಿ ಕೊನೇ ಸೆಮಿಸ್ಟರ್. ರಜೆ ಸಿಕ್ಕರೆ ಕುಮಾರಪರ್ವತ, ಕುದುರೆಮುಖ ಅಂತ ಹೊರಟುಬಿಡುತ್ತೇನೆ. ಲ್ಯಾಬಿನಲ್ಲೇ ಕೂತಿರಲು ಆಗದು. ಹವಾಮಾನ ಬದಲಾವಣೆಯ ಸಂಶೋಧನೆಗೆ ಹೋದರೆ ಹೊರಗೆ ಓಡಾಡಬಹುದಾ? ಅನುಭವ ಇರುವವರು ಹೇಳಿ.

ಉತ್ತರ 1: ನಾನೂ ಇದೇ ಆಸೆಯಿಂದ ಹೋದವನು. ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯನ್ನು 2002ರಿಂದ ಅಳೆಯುತ್ತಿದ್ದಾರೆ. ಅಳೆಯುವುದು ಹೇಗೆ ಗೊತ್ತಾ? ಬಿಸಿ ಆವಿಯ ಡ್ರಿಲ್‌ನಿಂದ ಮಂಜುಗಡ್ಡೆಗೆ ತೂತು ಕೊರೆದು ಬಿದಿರಿನ ಗಳ ಇಳಿಸುವುದು. ಬೇಸಿಗೆ ಕಳೆದ ಮೇಲೆ ಗಳ ಎಷ್ಟು ಹೊರಬಿದ್ದಿದೆ ಅಂತ ಟೇಪ್ ಹಿಡಿಯುವುದು. ಅಷ್ಟು ಕರಗಿದೆ ಅಂತ ಲೆಕ್ಕ. ನಾನು ಇಂಥ ಕೆಲಸಕ್ಕೆ ಮೊದಲ ಸಲ ಹೋದಾಗ ಚಳಿಗೆ ಬೆರಳು ಮರಗಟ್ಟಿ, ಅಳತೆ ಬರೆದುಕೊಂಡೆ, ಗಳದ ನಂಬರ್ ಬರೆಯಲಿಲ್ಲ! ಕೆಳಗಿಳಿದು ನೋಡಿದರೆ ಆರು ಅಳತೆ ಯಾವ ಗಳದ್ದು ಅಂತಲೇ ಗೊತ್ತಿಲ್ಲ. ಮಾರನೇ ದಿನ ಮತ್ತೆ ಹತ್ತಿದೆ. ವರ್ಷಕ್ಕೆ ಮೂರು ನಾಲ್ಕು ವಾರ ಬೆಟ್ಟ, ಉಳಿದದ್ದೆಲ್ಲ ಕಂಪ್ಯೂಟರ್ ಮುಂದೆ. ಈಗಲೇ ಪೈಥಾನ್ ಪ್ರೋಗ್ರಾಮಿಂಗ್ ಕಲಿಯಿರಿ. ಬೆಟ್ಟದ ಚಳಿಗೆ ಪೆನ್ನು ಕೈಕೊಡುತ್ತದೆ, ಪೆನ್ಸಿಲ್ ಒಯ್ಯಿರಿ.

ಉತ್ತರ 2: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿರುವುದನ್ನು ಅಳೆದು ತೋರಿಸಿದ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಕೂಡ ಕೆಮಿಸ್ಟ್ರಿಯವರೇ. ಪಿಎಚ್‌ಡಿ ಆದ ಮೇಲೆ ಕಂಪನಿ ಕೆಲಸ ಬೇಡ ಅಂತ, ಅಮೆರಿಕದ ಪಶ್ಚಿಮದ ಬೆಟ್ಟಗಳ ಆಸೆಗೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯ ಸೇರಿದರು. 1955ರಲ್ಲಿ ಅಲ್ಲಿನ ಕರಾವಳಿಯ ಬಿಗ್ ಸರ್ ಕಾಡಿನಲ್ಲಿ ಬಿಡಾರ ಹೂಡಿ, ಮಧ್ಯರಾತ್ರಿಯೂ ಎದ್ದು ಗಾಜಿನ ಫ್ಲಾಸ್ಕಿನಲ್ಲಿ ಗಾಳಿ ಹಿಡಿಯುತ್ತಿದ್ದರು. ಅಷ್ಟು ಸಲ ಹಿಡಿಯುವ ಅಗತ್ಯವೇ ಇರಲಿಲ್ಲ, ಹೊರಗಿರೋದೇ ಅವರಿಗೆ ಖುಷಿ! ಆದರೆ ಅದರಿಂದಲೇ ಒಂದು ವಿಷಯ ಗೊತ್ತಾಯಿತು. ರಾತ್ರಿ ಗಿಡಮರಗಳ ಉಸಿರಿನಿಂದ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಮಧ್ಯಾಹ್ನ ಮಾತ್ರ ಎಲ್ಲಿ ನೋಡಿದರೂ ಹತ್ತು ಲಕ್ಷದಲ್ಲಿ ಸುಮಾರು 310 ಭಾಗ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳತೆ ಶುರುವಾದಾಗ 313 ಇತ್ತು, ಈಗ 420 ದಾಟಿದೆ. 1964ರಲ್ಲಿ ದುಡ್ಡಿಲ್ಲದೆ ಕೆಲವು ತಿಂಗಳು ಅಳತೆಯೇ ನಿಂತಿತ್ತು. ಬೆಟ್ಟ ಹತ್ತುವುದಕ್ಕಿಂತ ಹಣ ಹೊಂದಿಸೋದೇ ಜಾಸ್ತಿ ಸುಸ್ತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಉತ್ತರ 3: ಹಿಮಾಲಯವೇ ಆಗಬೇಕಾ? ನಾನು ಮಲೆನಾಡಿನಲ್ಲಿ ಮಳೆಮಾಪಕ ನೋಡಿಕೊಳ್ಳುತ್ತೇನೆ. ಒಂದು ಜುಲೈನಲ್ಲಿ ಭೋರೆಂದು ಸುರಿಯುತ್ತಿದೆ, ಯಂತ್ರ ಮಾತ್ರ ಸೊನ್ನೆ ತೋರಿಸುತ್ತಿದೆ. ಕಾಲಿಗೆ ಇಂಬಳ (ಜಿಗಣೆ) ಹತ್ತಿಸಿಕೊಂಡು ಹೋಗಿ ನೋಡಿದರೆ ಕೊಳವೆ ಬಾಯಿಗೆ ಒಂದು ಎಲೆ ಅಂಟಿತ್ತು. ಅಷ್ಟು ದಿನದ ಮಳೆ ಲೆಕ್ಕಕ್ಕೇ ಸಿಗಲಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲೇ (ಭಾರತೀಯ ವಿಜ್ಞಾನ ಸಂಸ್ಥೆ) ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ದಿವೇಚಾ ಕೇಂದ್ರ ಇದೆ, ಹಿಮನದಿ, ಮುಂಗಾರು ಎರಡರ ಮೇಲೂ ಕೆಲಸ ನಡೆಯುತ್ತದೆ. ಅರ್ಜಿ ಹಾಕುವ ಮುಂಚೆ ಒಂದು ಮಳೆಗಾಲ ಯಾರದಾದರೂ ಫೀಲ್ಡ್ ಕೆಲಸಕ್ಕೆ ಜೊತೆಗೆ ಹೋಗಿ ಬನ್ನಿ. ಇಂಬಳ ಬಿಡಿಸಲು ಸುಣ್ಣ, ಉಪ್ಪು ಮರೀಬೇಡಿ.