ಕೈಚಳಕ ಕಳ್ಳರ ಪಾಲಾಯಿತು, ನಮಗೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಜಾದೂ ಪ್ರದರ್ಶನವೇ ನನ್ನ ಹೊಟ್ಟೆಪಾಡು. ಹೊಸ ಕರಪತ್ರವೂ ರಸೀದಿ ಪುಸ್ತಕವೂ ಅಚ್ಚಿಗೆ ಹೋಗಬೇಕಾಗಿದೆ. ಹೆಸರಿನ ಕೆಳಗೆ ಏನೆಂದು ಹಾಕಿಸಲಿ? ಜಾದೂಗಾರ, ಯಕ್ಷಿಣಿಗಾರ, ಐಂದ್ರಜಾಲಿಕ, ಗಾರುಡಿಗ, ಮಾಂತ್ರಿಕ, ಯಾವುದೂ ಬೇಡವೆಂದರೆ ಮ್ಯಾಜಿಷಿಯನ್. ಪದಗಳಿಗೆ ಬರವಿಲ್ಲ. ಆದರೆ ನಮ್ಮ ಕಸುಬಿನ ಒಳ್ಳೊಳ್ಳೆಯ ಪದಗಳನ್ನೆಲ್ಲ ಬೇರೆಯವರು ಆಗಲೇ ಹೊತ್ತುಕೊಂಡು ಹೋಗಿದ್ದಾರೆ ಎನ್ನುವುದು ನನ್ನ ತಕರಾರು.

ಕೈಚಳಕವನ್ನೇ ತೆಗೆದುಕೊಳ್ಳಿ. ನಾಣ್ಯವನ್ನು ಹೆಬ್ಬೆರಳಿನ ಬುಡಕ್ಕೂ ಅಂಗೈಯ ಆಚೆ ಬದಿಯ ದಿಂಡಿಗೂ ನಡುವೆ ಸಿಕ್ಕಿಸಿ, ಬೆರಳುಗಳನ್ನು ಸಡಿಲವಾಗಿ ಬಿಟ್ಟು, ಅದೇ ಕೈಯಿಂದ ನೀರಿನ ಲೋಟ ಎತ್ತುವುದನ್ನು, ಅಂಗಿಯ ಗುಂಡಿ ಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು. (ಇದನ್ನು ಹೇಳಿದರೆ ಗುಟ್ಟು ಬಿಟ್ಟುಕೊಟ್ಟಂತಾಗುವುದಿಲ್ಲ, ಇದು ಕಲಿಯುವವರ ಅ ಆ ಇ ಈ.) ಅಂಗಡಿಯವರು ಬೇಡವೆಂದು ತಳ್ಳುವ ಹತ್ತು ರೂಪಾಯಿ ನಾಣ್ಯವಿದೆಯಲ್ಲ, 27 ಮಿಲಿಮೀಟರ್ ಅಗಲದ್ದು, ಅದು ನನ್ನ ಅಂಗೈಗೆ ಹೇಳಿ ಮಾಡಿಸಿದಂತಿದೆ. ಕೈ ಕೊಂಚ ಬಿಗಿಯಾದರೂ ಮುಂದಿನ ಸಾಲಿನ ಹುಡುಗ ‘ಅಲ್ಲೇ ಇದೆ’ ಎಂದು ಕೂಗುತ್ತಾನೆ. ಈ ವಿದ್ಯೆಗೆ ಕೈಚಳಕಕ್ಕಿಂತ ಚೊಕ್ಕ ಪದ ಕನ್ನಡದಲ್ಲಿ ಇಲ್ಲ. ಊರೂರು ಅಲೆದು ಈ ಆಟ ತೋರಿಸುತ್ತಾ ಬಂದ ಸುಡುಗಾಡು ಸಿದ್ಧರಿಗೆ ಆ ಪದದ ಮೇಲೆ ನನಗಿಂತ ಹಳೆಯ ಹಕ್ಕಿದೆ. ಪತ್ರಿಕೆ ಬಿಡಿಸಿದರೆ ಮಾತ್ರ ‘ಕಳ್ಳರ ಕೈಚಳಕ’! ಕಬ್ಬಿಣದ ಸಲಾಕೆಯಿಂದ ಬಾಗಿಲು ಮೀಟುವುದರಲ್ಲಿ ಚಳಕ ಎಲ್ಲಿಂದ ಬಂತೋ ವರದಿಗಾರರೇ ಹೇಳಬೇಕು. ನೋಡುವವರ ಕಣ್ಣನ್ನು ಬೇಕಾದ ಕಡೆಗೆ ಒಯ್ಯುವುದು ನಮ್ಮ ಕೆಲಸದ ಮುಕ್ಕಾಲು ಪಾಲು. ಅದಕ್ಕೊಂದು ಕನ್ನಡದ ಮಾತು ಹುಡುಕಹೊರಟರೆ ಅದೂ ಅಪರಾಧ ಸುದ್ದಿಯ ಪುಟದಲ್ಲೇ ಸಿಕ್ಕಿತು: ‘ಗಮನ ಬೇರೆಡೆ ಸೆಳೆದು ಬ್ಯಾಗ್ ಕಳವು’.

ಮೋಡಿ ಹಿಂದೆ ಮೈದಾನದಲ್ಲಿ ಇಬ್ಬರು ಎದುರಾಳಿಗಳು ಜಿದ್ದಿಗೆ ಬಿದ್ದು ಆಡುತ್ತಿದ್ದ ಆಟ. ಈಗ ಅದು ಸ್ಪಿನ್ ಬೌಲರುಗಳದು, ಚುನಾವಣೆ ಬಂದರೆ ಭಾಷಣಕಾರರದು. ಮ್ಯಾಜಿಕ್ ಎಂದರೆ 224 ಸ್ಥಾನಗಳ ವಿಧಾನಸಭೆಯಲ್ಲಿ 113. ಗಾರುಡಿಗ ಮೂಲದಲ್ಲಿ ಗರುಡನ ಹೆಸರಿನಲ್ಲಿ ಹಾವಿನ ವಿಷ ಇಳಿಸುವ ವಿದ್ಯೆ ಬಲ್ಲವನು. ಹಾವಾಡಿಸುವುದನ್ನು 1972ರ ವನ್ಯಜೀವಿ ಕಾಯ್ದೆ ನಿಲ್ಲಿಸಿತು. ಪದ ಸಾಹಿತ್ಯಕ್ಕೆ ವಲಸೆ ಹೋಯಿತು. ಶಬ್ದಗಾರುಡಿಗ ಎಂದರೆ ಬೇಂದ್ರೆ, ಅದರ ಬಗ್ಗೆ ನನ್ನ ದೂರಿಲ್ಲ.

ಕಣ್ಕಟ್ಟಿನ ಕಥೆ ಬೇರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೈಕ್ ಓಡಿಸುವ ಪ್ರದರ್ಶನಕ್ಕೆ ಸಂಘಟಕರೊಬ್ಬರು ‘ಕಣ್ಕಟ್ಟು ಬೈಕ್ ಸವಾರಿ’ ಎಂದು ಫ್ಲೆಕ್ಸ್ ಹಾಕಿಸಿದರು. ಓದಿದವರು ಸವಾರಿಯೇ ಸುಳ್ಳು ಎಂದುಕೊಂಡರು. ಕಟ್ಟಿದ್ದು ಯಾರ ಕಣ್ಣನ್ನು, ಸವಾರನದೋ ನೋಡುವವರದೋ? ಪದವನ್ನು ಬಿಡಿಸಿ ‘ಕಣ್ಣು ಕಟ್ಟಿ’ ಎಂದಿದ್ದರೆ ಈ ಗೊಂದಲ ಇರುತ್ತಿರಲಿಲ್ಲ.

ನಾನು ಖಂಡಿತ ಒಲ್ಲೆ ಎನ್ನುವ ಪದ ಮಾಂತ್ರಿಕ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಕಾಫಿ ಕೊಯ್ಲು ಮುಗಿದ ಮೇಲೆ ಕೆಲಸಗಾರರಿಗಾಗಿ ಪ್ರದರ್ಶನ ಇಟ್ಟಿದ್ದರು. ಆಹ್ವಾನದಲ್ಲಿ ‘ಖ್ಯಾತ ಮಾಂತ್ರಿಕರಿಂದ’ ಎಂದು ಬರೆದಿತ್ತು. ಕಣದ ಬದಿಯಲ್ಲಿ ಪೆಟ್ಟಿಗೆ ಇಳಿಸುತ್ತಿರುವಾಗಲೇ ಲೈನ್ ಮನೆಯ ತಾಯಿಯೊಬ್ಬರು ಜ್ವರದ ಮಗುವನ್ನು ಎತ್ತಿಕೊಂಡು ಬಂದು, ‘ಸ್ವಾಮಿ, ಒಂದು ತಾಯಿತ ಕಟ್ಟಿಕೊಡಿ’ ಎಂದರು. ‘ನಾನು ಬರೀ ಆಟ ತೋರಿಸುವವನು ಕಣಮ್ಮ, ಮೊದಲು ಆಸ್ಪತ್ರೆಗೆ ಹೋಗಿ’ ಎಂದರೆ ನಂಬಿದರೆ ತಾನೆ? ತೋಟದ ಜೀಪಿನಲ್ಲಿ ಕೂರಿಸಿದ ಮೇಲೂ ‘ತಲೆಯ ಮೇಲೆ ಒಮ್ಮೆ ಕೈಯಿಡಿ’ ಎಂದು ಪಟ್ಟು ಹಿಡಿದರು. ಇಟ್ಟೆ. ಸ್ವಲ್ಪ ಹೊತ್ತಿನಲ್ಲೇ ಅದೇ ಕೈಯಿಂದ ಇನ್ನೊಂದು ಮಗುವಿನ ಕಿವಿಯ ಹಿಂದಿನಿಂದ ನಾಣ್ಯ ತೆಗೆಯುವುದು ಅಂದು ಸಲೀಸಾಗಲಿಲ್ಲ. ಕರ್ನಾಟಕದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆ ವಾಮಾಚಾರ ಎಂಬ ಪದವನ್ನು ಬಳಸಿ ನಮ್ಮನ್ನು ಬದಿಗಿಟ್ಟಿದೆ. ಜನರ ಮಾತಿನಲ್ಲಿ ಆ ಗೆರೆ ಅಷ್ಟು ಸ್ಪಷ್ಟವಾಗಿಲ್ಲ.

ಯಕ್ಷಿಣಿಗೆ ನನ್ನ ಮನಸ್ಸು ವಾಲುತ್ತದೆ. ಯಕ್ಷಿಣಿಯನ್ನು ಒಲಿಸಿಕೊಂಡು ಮಾಡುವ ವಿದ್ಯೆ ಎಂಬ ನಂಬಿಕೆಯ ಬೆನ್ನಿಗೆ ಬಂದ ಪದ ಅದು. ಹಳೆಯ ತಲೆಮಾರಿನವರು ‘ಯಕ್ಷಿಣಿ ಪ್ರದರ್ಶನ’ ಎಂದೇ ಹೇಳುತ್ತಿದ್ದರು. ಆದರೆ ನಮ್ಮ ಜಿಲ್ಲೆಯಲ್ಲಿ ಶ್ರವಣಬೆಳಗೊಳವಿದೆ. ಅಲ್ಲಿ ಯಕ್ಷಿ ಎಂದರೆ ಪೂಜೆಗೊಳ್ಳುವ ಕೂಷ್ಮಾಂಡಿನಿ. ಚಾವುಂಡರಾಯನ ಕೊಡಗಟ್ಟಲೆ ಹಾಲಿನಿಂದ ಪೂರ್ತಿಯಾಗದ ಗೊಮ್ಮಟನ ಅಭಿಷೇಕವನ್ನು ಗುಳ್ಳಕಾಯಜ್ಜಿಯ ವೇಷದಲ್ಲಿ ಬಂದು, ಗುಳ್ಳಕಾಯಿಯಲ್ಲಿ ಹಿಡಿಸುವಷ್ಟು ಹಾಲಿನಿಂದ ಮುಗಿಸಿದವಳು ಎಂದು ಐತಿಹ್ಯ. ನಮ್ಮ ಆಟದಲ್ಲೂ ಬರಿದು ಮಾಡಿದಷ್ಟೂ ನೀರು ಸುರಿಸುವ ಚೊಂಬು ಇದೆ. ಬಂಗಾಳದ ಹೆಸರಾಂತ ಜಾದೂಗಾರ ಪಿ.ಸಿ. ಸರ್ಕಾರ್ ತಮ್ಮ ಪ್ರದರ್ಶನದುದ್ದಕ್ಕೂ ನಡುನಡುವೆ ಅದನ್ನು ಬಗ್ಗಿಸುತ್ತಿದ್ದರು. ಭಕ್ತರ ಮುಂದೆ ಆ ಚೊಂಬು ಹಿಡಿದು ‘ಯಕ್ಷಿಣಿಗಾರ’ ಎಂದು ಪರಿಚಯಿಸಿಕೊಳ್ಳಲು ನನಗೆ ಸಂಕೋಚ.

ಅದೇ ಸರ್ಕಾರ್ ತಮ್ಮ ಪ್ರದರ್ಶನಕ್ಕೆ ಇಟ್ಟ ಹೆಸರು ಇಂದ್ರಜಾಲ. ಅಥರ್ವವೇದದಲ್ಲಿ ಅದು ಶತ್ರುಗಳ ಮೇಲೆ ಇಂದ್ರ ಬೀಸುವ ಬಲೆ. ಕಾಮಂದಕನ ನೀತಿಸಾರದಲ್ಲಿ ಸಾಮ, ದಾನ, ಭೇದ, ದಂಡಗಳ ಜೊತೆಗೆ ಎಣಿಸುವ ಉಪಾಯ. ಹರ್ಷನ ರತ್ನಾವಳಿಯ ಐಂದ್ರಜಾಲಿಕ ಅರಮನೆಗೆ ಬೆಂಕಿ ಬಿದ್ದಂತೆ ತೋರಿಸುತ್ತಾನೆ. ಮನೆತನ ದೊಡ್ಡದು, ಒಪ್ಪುತ್ತೇನೆ. ಆದರೆ ಕಲಾಕ್ಷೇತ್ರದ ವೇದಿಕೆಯಲ್ಲಿ ನಿರೂಪಕರು ‘ಐಂದ್ರ...’ ಎಂದು ಎಡವಿದಾಗ ಮಕ್ಕಳು ನಗುತ್ತಾರೆ, ನಾನು ಬರುವ ಮೊದಲೇ ಆಟ ಕೆಡುತ್ತದೆ.

ಹೀಗೆ ಸೋಸಿದರೆ ಉಳಿಯುವುದು ಜಾದೂಗಾರ. ಜಾದೂ ಪಾರಸಿಯಿಂದ ಬಂದದ್ದು. ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದ ‘ಯಾತು’ (ಮಾಟ) ಅದರ ಹಿರಿಯ ರೂಪ. ಋಗ್ವೇದದಲ್ಲಿ ಬೈಸಿಕೊಳ್ಳುವ ಯಾತುಧಾನನೊಳಗಿರುವ ಯಾತುವೂ ಅದರ ದಾಯಾದಿಯೇ. ಅಂದರೆ ಹುಟ್ಟಿನಲ್ಲಿ ಅದೂ ವಾಮಾಚಾರವೇ. ಕನ್ನಡಕ್ಕೆ ಬರುವ ಹೊತ್ತಿಗೆ ಹಲ್ಲು ಕಿತ್ತ ಹಾವಾಗಿದೆ. ಪಾರಸಿಯ ‘ಜಾದೂಗರ್’ ನಮ್ಮಲ್ಲಿ ಹಾಡುಗಾರ, ಮಾತುಗಾರರ ಸಾಲಿನಲ್ಲಿ ಕುಳಿತು ದೀರ್ಘ ಎಳೆದುಕೊಂಡಿತು. ಆ ದೀರ್ಘ ನನಗೆ ಇಷ್ಟ.

ಇನ್ನು ಕ್ರಿಯಾಪದ. ಮೋಡಿ ‘ಹಾಕುತ್ತಾರೆ’, ಕೈಚಳಕ ‘ತೋರಿಸುತ್ತಾರೆ’, ಇಂದ್ರಜಾಲ ‘ಬೀಸುತ್ತಾರೆ’ ಅಥವಾ ‘ಒಡ್ಡುತ್ತಾರೆ’, ಜಾದೂ ‘ಮಾಡುತ್ತಾರೆ’. ಮಾಟವನ್ನು ಮಾತ್ರ ಹೆಚ್ಚಾಗಿ ‘ಮಾಡಿಸುತ್ತಾರೆ’, ದುಡ್ಡು ಕೊಟ್ಟವನೊಬ್ಬ ಹಿಂದೆ ನಿಂತಿರುತ್ತಾನೆ. ಆಡು–ಆಟ, ನೋಡು–ನೋಟದಂತೆ ಮಾಡು–ಮಾಟ. ಮಾಟವಾದ ಮೂಗು ಎನ್ನುವಾಗ ಅದೇ ಪದಕ್ಕೆ ಯಾವ ಕೇಡೂ ಅಂಟಿಲ್ಲ. ಶಾಲೆಯವರು ರಸೀದಿಯಲ್ಲಿ ‘ಜಾದೂ ಮಾಡಿದ ಬಾಬ್ತು’ ಎಂದು ಬರೆಸಿಕೊಳ್ಳುತ್ತಾರೆ. ದುಡ್ಡನ್ನೇ ಮಾಯ ಮಾಡಿದಂತೆ ಕೇಳಿಸುತ್ತದೆ! ‘ಜಾದೂ ಪ್ರದರ್ಶನದ ಬಾಬ್ತು’ ಎಂದು ನಾನು ತಿದ್ದುತ್ತೇನೆ. ನಮ್ಮೊಳಗೆ ನಾವು ಆಡುವ ಮಾತು ಇದ್ಯಾವುದೂ ಅಲ್ಲ. ಪ್ರದರ್ಶನ ‘ಶೋ’, ಒಂದೊಂದು ಆಟ ‘ಐಟಂ’, ಸಾಮಾನು ‘ಪ್ರಾಪರ್ಟಿ’. ಡಿಸೆಂಬರ್‌ನಲ್ಲಿ ಶಾಲಾ ವಾರ್ಷಿಕೋತ್ಸವಗಳಿಗೆ ಬಿಡುವಿಲ್ಲದೆ ಓಡಾಡಿ, ಆಷಾಢದ ಮಳೆಯಲ್ಲಿ ರೇಷ್ಮೆ ಕರವಸ್ತ್ರಗಳಿಗೆ ಬೂಷ್ಟು ಹಿಡಿಯದಂತೆ ಕಾಯುವ ನಮಗೆ ಇಷ್ಟು ಸಾಕಾಗುತ್ತದೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು: ನಿಮ್ಮ ಸೀಮೆಯಲ್ಲಿ ಮೋಡಿಗೆ ‘ಹಾಕು’ ಅಲ್ಲದೆ ‘ಆಡು’, ‘ಕಟ್ಟು’, ‘ಎತ್ತು’ ಮುಂತಾದ ಕ್ರಿಯಾಪದಗಳು ಸೇರುವುದನ್ನು ಕೇಳಿದ್ದೀರಾ? ಕಣ್ಣನ್ನು ಬೇರೆಡೆಗೆ ಒಯ್ಯುವ ನಮ್ಮ ತಂತ್ರಕ್ಕೆ, ಪೊಲೀಸ್ ಠಾಣೆಯ ವಾಸನೆ ಇಲ್ಲದ ಪದ ಯಾವುದಾದರೂ ಇದೆಯೇ? ‘ಕಣ್ಣು ತಪ್ಪಿಸು’ ನನಗೆ ಒಗ್ಗುವುದಿಲ್ಲ, ಅದರಲ್ಲಿ ಅವಿತುಕೊಳ್ಳುವ ಭಾವವಿದೆ. ನಾವಾದರೋ ಎಲ್ಲರೆದುರು ನಿಂತೇ ಮಾಡುತ್ತೇವೆ. ಕೊನೆಯದು ತುರ್ತಿನದು. ಈ ವರ್ಷದಿಂದ ನನ್ನ ತಂಗಿಯ ಮಗಳೂ ವೇದಿಕೆ ಏರುತ್ತಿದ್ದಾಳೆ, ಕರಪತ್ರದಲ್ಲಿ ಅವಳ ಹೆಸರೂ ಬರಬೇಕು. ಹಾಡುಗಾರ್ತಿಯ ಜಾಡಿನಲ್ಲಿ ‘ಜಾದೂಗಾರ್ತಿ’ ಎಂದು ಬರೆದುಕೊಟ್ಟಿದ್ದೇನೆ. ಅಚ್ಚುಕೂಟದವರು ‘ಜಾದೂಗಾರಿಣಿ’ ಎಂದು ತಿದ್ದಿ ಕಳುಹಿಸಿದ್ದಾರೆ. ಅವಳಿಗೆ ಎರಡೂ ಬೇಡವಂತೆ, ‘ನನಗೂ ಜಾದೂಗಾರ ಎಂದೇ ಹಾಕಿಸಿ ಮಾಮ’ ಎನ್ನುತ್ತಾಳೆ. ನೀವೇನು ಹೇಳುತ್ತೀರಿ?