ಗಿಂಬಲ್ ಹಿಡಿದ ಕೈ ಸೋಲ್ತದ, ಹಿಡಿತ ಹೆಂಗ ಸುಧಾರಿಸ್ಕೋಬೇಕು?

ಪ್ರಶ್ನೆ (ಕಲಬುರಗಿ, ಮದುವೆ ವಿಡಿಯೋ): ಸೋನಿ ಎ7 ಮಾರ್ಕ್ 3, ಟ್ಯಾಮ್ರಾನ್ 28-75 ಎಂ.ಎಂ. ಝೂಮ್ ಲೆನ್ಸ್, ಡಿಜೆಐ ಆರ್‌ಎಸ್ 3 ಗಿಂಬಲ್ (ಕ್ಯಾಮೆರಾ ಅಲುಗದಂಗ ಮೋಟಾರಿನಿಂದ ಮಟ್ಟಸ ಇಡೋ ಹಿಡಿಕಿ). ಅಕ್ಕಿಕಾಳು ಮುಗಿಯೋದ್ರೊಳಗ ಬಲಗೈ ಮುಂಗೈ ಬಿಗೀತದ, ಹೆಬ್ಬೆಟ್ಟಿನ ಬುಡ ನೋಯ್ತದ, ಬೆವರಿಗೆ ಹ್ಯಾಂಡಲ್ ಜಾರ್ತದ. ಹಿಡಿತ ಗಟ್ಟಿ ಆಗ್ಲಿಕ್ಕೆ ಏನು ಮಾಡಬೇಕು? ಬಲ್ಲವರು ಹೇಳ್ರಿ.

ಕಲಬುರಗಿಯಿಂದ: ಅಣ್ಣಾ, ಗಟ್ಟಿ ಹಿಡಿಯೋ ಮಾತು ಆಮ್ಯಾಲ, ಮೊದ್ಲು ಬ್ಯಾಲೆನ್ಸ್ ನೋಡ್ರಿ. ಕ್ಯಾಮೆರಾ 650 ಗ್ರಾಂ, ಲೆನ್ಸ್ ಅರ್ಧ ಕಿಲೋ ಮ್ಯಾಲ. ಆರ್‌ಎಸ್ 3 ಮೂರು ಕಿಲೋ ತನಕ ತಡೀತದ, ಹಂಗಾಗಿ ಮೋಟಾರಿಗೆ ತ್ರಾಸಿಲ್ಲ. ಆದ್ರ ಬ್ಯಾಲೆನ್ಸ್ ಜರಾ ತಪ್ಪಿದ್ರೂ ಮೋಟಾರು ಸಣ್ಣಗ ಗುಂಯ್‌ಗುಡ್ತದ, ಆ ನಡುಕ ಹ್ಯಾಂಡಲ್‌ಗೆ ಬರ್ತದ. ಕೈ ನಡುಗ್ಲಿಕತ್ತದ ಅಂತ ತಿಳ್ಕೊಂಡು ಜನ ಇನ್ನಷ್ಟು ಬಿಗಿ ಹಿಡೀತಾರ.

ಬ್ಯಾಟರಿ, ಕಾರ್ಡು, ಮೈಕು, ಕೇಬಲ್ ಎಲ್ಲಾ ಹಾಕ್ರಿ, ಲೆನ್ಸ್ ಕ್ಯಾಪ್ ತೆಗೀರಿ. ನಿಮ್ಮ ಲೆನ್ಸ್ ಝೂಮ್ ಮಾಡಿದಂಗ ಮುಂದಕ್ಕ ಉದ್ದ ಆಗ್ತದ, ಅದಕ್ಕ 28ರ ಮ್ಯಾಲ ಬ್ಯಾಲೆನ್ಸ್ ಮಾಡಿದ್ರ 75ಕ್ಕ ಹೋದಾಗ ಮೂಗು ಭಾರ. ನಡುವಿನ 50ರಲ್ಲಿ ಇಟ್ಟು ಮಾಡ್ರಿ. ಟಿಲ್ಟ್ (ಮ್ಯಾಲ-ಕೆಳಗ ವಾಲೋದು) ಲಾಕ್ ಬಿಚ್ಚಿ ಲೆನ್ಸ್ ನೇರ ಇಡ್ರಿ, ತಲಿ ಹಾಕಬಾರ್ದು. ಆಮ್ಯಾಲ ಲೆನ್ಸ್ ಛತ್ತಿನ ಕಡಿ ತಿರುಗಿಸಿ ಕೈ ಬಿಡ್ರಿ, ಅಲ್ಲೇ ನಿಲ್ಲಬೇಕು. ಈ ಎರಡನೇದನ್ನ ಬಹಳ ಮಂದಿ ಬಿಟ್ಟೇ ಬಿಡ್ತಾರ. ರೋಲ್ (ಎಡ-ಬಲಕ್ಕ ಓರೆ ಆಗೋದು) ಬ್ಯಾಲೆನ್ಸ್ ಆದ ಮ್ಯಾಲ ಪ್ಯಾನ್‌ಗೆ (ಅಡ್ಡಡ್ಡ ತಿರುಗೋದಕ್ಕ) ಹ್ಯಾಂಡಲ್ ಓರೆ ಹಿಡೀರಿ, ಗಿಂಬಲ್ ತೋಳು ತಾನಾಗೇ ತಿರುಗಬಾರ್ದು. ಕೊನಿಗೆ ಆಟೋ ಟ್ಯೂನ್ (ಗಿಂಬಲ್ ತಾನೇ ಮೋಟಾರು ಹೊಂದಿಸ್ಕೊಳ್ಳೋದು). ಅಷ್ಟಾದ್ರೂ ಗುಂಯ್ ಅಂದ್ರ ಮೋಟಾರ್ ಸ್ಟಿಫ್‌ನೆಸ್ (ಮೋಟಾರಿನ ಬಿಗಿ) ಒಂದೊಂದೇ ಹೆಜ್ಜಿ ಇಳಸ್ರಿ.

ಬೀದರ್‌ನಿಂದ: ಮೇಲಿನವರು ಹೇಳಿದ್ದು ಖರೇ. ಇನ್ನ ಹಿಡಿಯೋ ರೀತಿ. ಒಂದೇ ಕೈಲಿ ಮುಂದ ಚಾಚಿ ಹಿಡಿದ್ರ ಎರಡೂವರೆ ಕಿಲೋ ಹತ್ತಿರದ ಭಾರ ಪೂರಾ ಮಣಿಕಟ್ಟಿನ ಮ್ಯಾಲ ಬೀಳ್ತದ. ಕೆಳಗಿನ ಟ್ರೈಪಾಡ್ ಕಾಲು ಮುಚ್ಚಿ ಅದರ ಅಡಿಗೆ ಎಡಗೈ ಅಂಗೈ ಕೊಡ್ರಿ, ಭಾರ ಅಲ್ಲಿ ಕೂಡ್ಲಿ. ಬಲಗೈ ಮ್ಯಾಲ, ಟ್ರಿಗರ್ ಹತ್ತಿರ. ಅದರ ಕೆಲಸ ದಿಕ್ಕು ತಿರುಗಿಸೋದು ಮಾತ್ರ. ಬಲಗೈ ಕಿರುಬೆರಳು ಎತ್ತಿ ನೋಡ್ರಿ. ಹ್ಯಾಂಡಲ್ ಅಲುಗಿದ್ರ ಭಾರ ಇನ್ನೂ ಬಲಗೈಲೇ ಅದ ಅಂತ.

ಹ್ಯಾಂಡಲ್ ಸೆಟೆದು ನೆಟ್ಟಗ ನಿಲ್ಲಿಸಬ್ಯಾಡ್ರಿ. ಮ್ಯಾಲಿನ ತುದಿ ಸ್ವಲ್ಪ ಮುಂದಕ್ಕ ವಾಲಿದ್ರ ಮಣಿಕಟ್ಟು ಸೊಟ್ಟ ಆಗೋದಿಲ್ಲ, ಕ್ಯಾಮೆರಾ ಹೆಂಗೂ ಮಟ್ಟಸ ಇರ್ತದ. ಹೆಬ್ಬೆಟ್ಟು ಸದಾ ಜಾಯ್‌ಸ್ಟಿಕ್ ಮ್ಯಾಲ ಎತ್ತಿ ಹಿಡಿಯೋದೇ ಆ ಬುಡದ ನೋವಿಗೆ ಮೂಲ. ಬಾಜೂಕ ಒರಗಿಸಿಡ್ರಿ. ಪ್ಯಾನ್ ಫಾಲೋ (ನೀವು ತಿರುಗಿದ ಕಡಿ ಕ್ಯಾಮೆರಾನೂ ತಿರುಗೋ ಮೋಡ್) ಹಾಕಿ ಸೊಂಟ ತಿರುಗಿಸಿದ್ರ ಜಾಯ್‌ಸ್ಟಿಕ್ ಬೇಕಾಗೋದೇ ಕಮ್ಮಿ.

ಬಿಗಿ ಹಿಡಿಯೋದ್ರಾಗ ಇನ್ನೊಂದು ಫಜೀತಿ ಅದ. ತೋರುಬೆರಳು ಟ್ರಿಗರ್ ಒತ್ತಿ ಹಿಡೀತದ, ಕ್ಯಾಮೆರಾ ಒಂದೇ ದಿಕ್ಕಿಗೆ ಲಾಕ್ ಆಗಿ ನೀವು ತಿರುಗಿದ್ರೂ ಅದು ತಿರುಗೋದಿಲ್ಲ. ಎರಡು ಸಲ ಒತ್ತಿದ್ರ ಮಧ್ಯಕ್ಕ ಬರ್ತದ. ಗಡಿಬಿಡಿಲಿ ಮೂರು ಸಲ ಒತ್ತಿತು ಅಂದ್ರ ಮದುಮಕ್ಕಳನ್ನ ಬಿಟ್ಟು ನಿಮ್ಮ ಮುಖ ರೆಕಾರ್ಡ್ ಆಗ್ತದ! ಬೆರಳು ಟ್ರಿಗರ್ ಕೆಳಗ ಇರ್ಲಿ.

ಯಾದಗಿರಿಯಿಂದ: ಬೆವರಿಗೆ ಬ್ಯಾಡ್ಮಿಂಟನ್ ಓವರ್‌ಗ್ರಿಪ್ (ಬ್ಯಾಟಿನ ಹಿಡಿಗೆ ಸುತ್ತುವ ಟೇಪು) ಸುತ್ತಿ, ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಒಂದು ಸುರುಳಿ ಸುಮಾರು 110 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ಅಗಲ, ಒಂದು ಹ್ಯಾಂಡಲ್‌ಗೆ ಸಾಕು. ಮೊದಲು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಜಿಡ್ಡು ಒರೆಸಿ, ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತುತ್ತಾ ಹೋಗಿ, ಪ್ರತಿ ಸುತ್ತೂ ಹಿಂದಿನದರ ಮೇಲೆ ಅರ್ಧ ಸೆಂ.ಮೀ. ಹತ್ತಲಿ. ಚಾರ್ಜಿಂಗ್ ಪೋರ್ಟ್, ಬ್ಯಾಟರಿ ಬಿಚ್ಚುವ ಗುಂಡಿ, ಪಕ್ಕದ ಹ್ಯಾಂಡಲ್ ಕೂಡಿಸುವ ಕಚ್ಚು ಮುಚ್ಚಬಾರದು. ಪೌಡರ್ ಬೇಡ, ಬೆವರಿನ ಜತೆ ಸೇರಿ ಕೆಸರಾಗಿ ಗುಂಡಿಗಳ ಸಂದಿಗೆ ಹೋಗುತ್ತೆ. ನಮ್ಮ ಕಡೆ ಏಪ್ರಿಲ್-ಮೇ ಮದುವೆಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲು; ಉಪ್ಪು ಕುಡಿದು ಟೇಪು ಗಡಸಾದರೆ ಅಂದೇ ಬದಲಿಸಿ.

ಬೀದರ್‌ನಿಂದ, ಇನ್ನೊಬ್ಬರು: ಒಂದು ಸೇರಿಸ್ತೀನಿ. ಮೊಣಕೈ ಪಕ್ಕೆಲುಬಿಗೆ ಒತ್ತಿ ಹಿಡೀಬೇಕು ಅಂತ ಎಲ್ಲರೂ ಹೇಳ್ತಾರ. ನಿಂತು ತೆಗೆಯೋವಾಗ ಸರಿ, ನಡೆಯೋವಾಗ ತಪ್ಪು. ಮೂರು ಆಕ್ಸಿಸ್ (ಟಿಲ್ಟ್, ರೋಲ್, ಪ್ಯಾನ್) ಗಿಂಬಲ್ ತಿರುಗಾಟ ಸರಿ ಮಾಡ್ತದ, ಮ್ಯಾಲ ಕೆಳಗ ಕುಣಿಯೋದನ್ನ ಮಾಡೋದಿಲ್ಲ. ಮೊಣಕೈ ಒತ್ತಿದ್ರ ಹೆಜ್ಜಿಯ ಕುಣಿತ ನೇರ ಕ್ಯಾಮೆರಾಕ್ಕೆ ಹೋಗ್ತದ. ಮೊಣಕೈ ಮೈಯಿಂದ ನಾಲ್ಕು ಬೆರಳಷ್ಟು ದೂರ ಇಟ್ಟು, ಮೊಣಕಾಲು ಬಗ್ಗಿಸಿ, ಹಿಮ್ಮಡಿ ಮೊದಲು ಊರ್ರಿ. ಬೀದರ್ ಕೋಟೆಯೊಳಗಿನ ಏರುಪೇರು ಕಲ್ಲಿನ ಮ್ಯಾಲ ಪ್ರಿ-ವೆಡ್ಡಿಂಗ್ ತೆಗೆಯೋರಿಗೆ ಇದು ಬೇಕೇ ಬೇಕು. ಮೆರವಣಿಗೆಗೆ ಬ್ರೀಫ್‌ಕೇಸ್ ಹ್ಯಾಂಡಲ್ ಹಾಕಿ ಗಿಂಬಲ್ ಕೆಳಗ ಇಳಿಬಿಡ್ರಿ, ಭಾರ ಭುಜಕ್ಕ ಹೋಗ್ತದ. ಅದರ ಕ್ಲಾಂಪ್ ತಿರುಪು ನಡೆದಂಗ ಸಡಿಲ ಆಗ್ತದ, ಪ್ರತಿ ಬ್ಯಾಟರಿ ಬದಲಿಸುವಾಗ ಮುಟ್ಟಿ ನೋಡ್ರಿ.

ಕಸರತ್ತು ಬೇಕಂದ್ರ: ಹತ್ತು ಲೀಟರ್ ನೀರಿನ ಬಕೆಟ್ ಎರಡೂ ಕೈಲಿ ಒಂದೊಂದು ಹಿಡಿದು 30 ಸೆಕೆಂಡು ನಡಿಗಿ, ಮೂರು ಸರ್ತಿ, ದಿನ ಬಿಟ್ಟು ದಿನ. ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಹೊರಗ ಅಗಲಿಸೋದು 15 ಸಲ. ಬರೇ ಮುಚ್ಚೋ ಸ್ನಾಯು ಬೆಳೆಸಿದ್ರ ಮೊಣಕೈ ಹೊರಗಡಿ ನೋವು ಶುರು ಆಗ್ತದ. ಹೆಬ್ಬೆಟ್ಟಿನ ನೋವು ಇಳಿಯೋ ತನಕ ಬಕೆಟ್ ಬ್ಯಾಡ. ರಾತ್ರಿ ಬೆರಳು ಜೋಮು ಹಿಡಿದ್ರ ಎಲುಬಿನ ಡಾಕ್ಟರಿಗೆ ತೋರಿಸ್ರಿ.

ಪ್ರಶ್ನೆ ಕೇಳಿದವರು: ಓವರ್‌ಗ್ರಿಪ್ ಬದಲು ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಏರಿಸಿದ್ರ ನಡೀತದೇನ್ರಿ? ಮನ್ಯಾಗ ಅದ.

ಯಾದಗಿರಿಯಿಂದ: ಬೇಡ ಅಣ್ಣಾ. ಅದು ಕೊಳವೆ, ಟ್ರಿಗರ್ ಜಾಗ ಕತ್ತರಿಸಿದರೆ ಅಲ್ಲಿಂದಲೇ ಹರಿಯುತ್ತೆ. ಬ್ಯಾಟರಿ ತೆಗೆಯಲು ಪ್ರತಿ ಸಲ ಬಿಚ್ಚಬೇಕು. ಮೇಲಾಗಿ ದಪ್ಪ, ಹ್ಯಾಂಡಲ್ ದಪ್ಪ ಆದಷ್ಟೂ ಬೆರಳು ಪೂರ್ತಿ ಸುತ್ತುವುದಿಲ್ಲ, ಇನ್ನೂ ಜೋರು ಹಾಕಬೇಕಾಗುತ್ತೆ.