ಪದಚರ್ಚೆ: ಬೈಬಲಿನ ‘ಧರ್ಮಶಾಸ್ತ್ರ’ಕ್ಕೆ ‘ಕಟ್ಟಳೆ’ ಆಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಸಭೆಯ ಹುಡುಗ ಹುಡುಗಿಯರ ಜೊತೆ ಬೈಬಲಿನ ‘ಗಲಾತ್ಯದವರಿಗೆ ಬರೆದ ಪತ್ರಿಕೆ’ ಓದುತ್ತಿದ್ದೇನೆ. ಅದು ಕ್ರಿಸ್ತನ ಸುವಾರ್ತೆ ಸಾರಿದ ಪೌಲ ಗಲಾತ್ಯದ ಕ್ರೈಸ್ತರಿಗೆ ಗ್ರೀಕಿನಲ್ಲಿ ಬರೆದ ಪತ್ರ. ನೀವು ಧರ್ಮಶಾಸ್ತ್ರಕ್ಕೆ ಅಧೀನರಲ್ಲ ಎಂಬ ಮಾತು ಬಂದಾಗ, ಕಾಲೇಜಿನಲ್ಲಿ ಇತಿಹಾಸ ಓದುವ ಒಬ್ಬಳು ಕೇಳಿದಳು: “ಅಣ್ಣಾ, ಧರ್ಮಶಾಸ್ತ್ರ ಅಂದ್ರೆ ಮನುಸ್ಮೃತಿ, ಮಿತಾಕ್ಷರ ಅಲ್ವಾ? ಪೌಲನಿಗೂ ಅದಕ್ಕೂ ಏನು ಸಂಬಂಧ?”

ಅವಳು ಕೇಳಿದ್ದು ಸರಿಯೇ. ಹಿಂದೂ ಕಾನೂನಿನ ಗ್ರಂಥವಾದ ಮಿತಾಕ್ಷರ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯರ ಕಾಲದವನು. ನಮ್ಮ ನೆಲದಲ್ಲೇ ಆ ಪದಕ್ಕೆ ಬೇರೆ ಗಟ್ಟಿ ಅರ್ಥ ಇದೆ. ಅದನ್ನೇ ನಾವು ದೇವರು ಮೋಶೆಯ ಮೂಲಕ ಯೆಹೂದ್ಯರಿಗೆ ಕೊಟ್ಟ ಆಜ್ಞೆಗಳಿಗೆ ಬಳಸುತ್ತೇವೆ. ತೆಲುಗಿನವರೂ ಹಾಗೆಯೇ. ತಮಿಳು, ಮಲಯಾಳದವರು ‘ನ್ಯಾಯಪ್ರಮಾಣ’ ಅನ್ನುತ್ತಾರೆ. ಕನ್ನಡದಲ್ಲೂ ಆ ಪದ ಕಾಣಸಿಗುತ್ತದೆ, ಆದರೆ ನನ್ನ ಕಿವಿಗೆ ಅದು ಕೋರ್ಟಿನ ಕಾಗದದ ಹಾಗೆ ಕೇಳಿಸುತ್ತದೆ.

ಆ ಆಜ್ಞೆಗಳಿಗೆ ಹೀಬ್ರೂವಿನಲ್ಲಿ ಇರುವ ಪದ ‘ತೋರಾ’. ಅದರಲ್ಲಿ ಕಲಿಸುವುದು, ದಾರಿ ತೋರಿಸುವುದು ಎಂಬ ಅರ್ಥ ಇದೆ. ಗ್ರೀಕಿಗೆ ಹೋದಾಗ ಅದು ‘ನೊಮೊಸ್’ ಆಯಿತು. ರೂಢಿ, ಕಾನೂನು ಎರಡೂ ಅದರೊಳಗೆ ಬರುತ್ತವೆ. ಪೌಲ ಈ ಒಂದೇ ಪದ ಇಟ್ಟುಕೊಂಡು ವಾದ ಮಾಡುತ್ತಾನೆ. ಸುನ್ನತಿ ಮಾಡಿಸಿಕೊಂಡು ನೊಮೊಸ್‌ಗೆ ಅಧೀನರಾಗಬೇಡಿ ಎನ್ನುತ್ತಾನೆ. ಆಮೇಲೆ 5:14ರಲ್ಲಿ (5ನೇ ಅಧ್ಯಾಯ, 14ನೇ ವಚನ), ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ, ಮೋಶೆಯ ಆಜ್ಞೆಗಳಿರುವ ಯಾಜಕಕಾಂಡದ ಮಾತಿನಲ್ಲಿ ಇಡೀ ನೊಮೊಸ್ ಅಡಗಿದೆ ಎನ್ನುತ್ತಾನೆ. 6:2ರಲ್ಲಿ, ಒಬ್ಬರ ಭಾರ ಒಬ್ಬರು ಹೊತ್ತುಕೊಳ್ಳಿ, ಹಾಗೆ ಕ್ರಿಸ್ತನ ನೊಮೊಸ್ ನೆರವೇರಿಸಿ ಎನ್ನುತ್ತಾನೆ. ಕನ್ನಡದಲ್ಲಿ ಒಂದು ಕಡೆ ಧರ್ಮಶಾಸ್ತ್ರ, ಇನ್ನೊಂದು ಕಡೆ ನಿಯಮ ಅಂದುಬಿಟ್ಟರೆ ಎರಡೂ ಒಂದೇ ಪದ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

3:24ರಲ್ಲಿ ಪೌಲ ನೊಮೊಸ್ ಅನ್ನು ‘ಪೈದಗೋಗೊಸ್’ ಎಂದು ಕರೆಯುತ್ತಾನೆ. ಆ ಪದದ್ದೂ ಹೀಗೇ. ಪ್ರವಚನಗಳಲ್ಲಿ ಅದನ್ನು ಉಪಾಧ್ಯಾಯ ಅನ್ನುವುದುಂಟು. ಪಾಠ ಹೇಳುವುದು ಅವನ ಕೆಲಸ ಅಲ್ಲ. ದೊಡ್ಡ ಮನೆಯ ಮಗುವನ್ನು ಕೈಹಿಡಿದು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದ, ದಾರಿ ತಪ್ಪಿದರೆ ಗದರುತ್ತಿದ್ದ ಆಳು ಅವನು. ‘ಕಾಯುವ ಆಳು’ ಅಂದರೆ ಚಿತ್ರ ತಾನಾಗಿ ಬರುತ್ತದೆ. ಹುಡುಗ ದೊಡ್ಡವನಾದ ಮೇಲೆ ಆಳು ಬೇಕಿಲ್ಲ, ಹಾಗಂತ ಆಳು ಕೆಟ್ಟವನಾಗಿದ್ದ ಎಂದೂ ಅಲ್ಲ.

ಇನ್ನು, ಕ್ರಿಸ್ತನಿಂದ ಸಿಕ್ಕಿದೆ ಎಂದು ಪೌಲ ಇದೇ ಪತ್ರದಲ್ಲಿ ಹೇಳುವ ‘ಸ್ವಾತಂತ್ರ್ಯ’. ನನಗೆ ಜಾಸ್ತಿ ಕಾಡಿದ್ದು ಇದೇ. ಆ ಪದದೊಳಗೇ ‘ಸ್ವ’ ಕೂತಿದೆ, ಹಾಗಾಗಿ ಹುಡುಗರಿಗೆ ‘ನನ್ನಿಷ್ಟ ನನ್ನದು’ ಅಂತಲೇ ಕೇಳಿಸುತ್ತದೆ. ಒಬ್ಬ ಕೇಳಿಯೂಬಿಟ್ಟ, “ಹಾಗಾದ್ರೆ ದಶಾಜ್ಞೆನೂ ಬೇಡ್ವಾ?” ಪೌಲನಾದರೋ 5:13ರಲ್ಲಿ, ಬಿಡುಗಡೆಯಾದ ನೀವು ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಅನ್ನುವಾಗ ಬಳಸಿರುವುದು ದಾಸರಾಗಿ ದುಡಿಯುವುದಕ್ಕೆ ಇರುವ ಕ್ರಿಯಾಪದ. ಅಂದರೆ ದಶಾಜ್ಞೆ ಹೇಳುವಂತೆ ಕಳ್ಳತನ ಮಾಡದಿರುವುದು ಶಿಕ್ಷೆಯ ಹೆದರಿಕೆಯಿಂದಲ್ಲ, ಪಕ್ಕದ ಮನೆಯವನ ಮೇಲಿನ ಪ್ರೀತಿಯಿಂದ. ಇದನ್ನು ಹುಡುಗರಿಗೆ ಮುಟ್ಟಿಸುವುದಕ್ಕೇ ಇಷ್ಟೆಲ್ಲ ಒದ್ದಾಟ.

ಅದಕ್ಕೇ ನನಗೆ ತೋಚಿದ್ದು: ‘ಮೋಶೆಯ ಕಟ್ಟಳೆ’, ‘ಕ್ರಿಸ್ತನ ಕಟ್ಟಳೆ’. ಎರಡು ಕಡೆಯೂ ಒಂದೇ ಪದ. ಕಟ್ಟಳೆಯಲ್ಲಿ ‘ಕಟ್ಟು’ ಇದೆ, ಬಿಡುಗಡೆಯಲ್ಲಿ ‘ಬಿಡು’ ಇದೆ. ಬಿಡಿಸಿಕೊಂಡವರು ಪ್ರೀತಿಗೆ ಕಟ್ಟುಬೀಳುತ್ತಾರೆ ಅಂತ ಅಚ್ಚಗನ್ನಡದಲ್ಲೇ ಹೇಳಬಹುದು. ತೋರಾದ ‘ಕಲಿಸು’ ಮಾತ್ರ ಇಲ್ಲೂ ಸಿಗುವುದಿಲ್ಲ.

ನಿಮ್ಮಲ್ಲಿ ಕೇಳುವುದು ಎರಡು. ನಿಮ್ಮ ಕಡೆ ಕಟ್ಟಳೆ ಅಂದರೆ ಪಾಲಿಸಲೇಬೇಕಾದ ಆಜ್ಞೆಯೋ, ಅಥವಾ ಮದುವೆ ತಿಥಿಗಳ ಕಟ್ಟುಕಟ್ಟಳೆಯೋ? ಎರಡನೆಯದೇ ಮೊದಲು ನೆನಪಾಗುತ್ತದೆ ಅಂದರೆ ನನ್ನ ಪದ ಕೆಲಸಕ್ಕೆ ಬರಲಿಕ್ಕಿಲ್ಲ. ಮತ್ತೆ, ನಿಮ್ಮ ಮನೆಯ ಹಿರಿಯರು ಪ್ರಾರ್ಥನೆಯಲ್ಲಿ ಸ್ವಾತಂತ್ರ್ಯ ಅನ್ನುತ್ತಿದ್ದರೋ, ಬಿಡುಗಡೆ ಅನ್ನುತ್ತಿದ್ದರೋ? ಯಾವ ಊರು ಅಂತಲೂ ಬರೆಯಿರಿ.